ಫೈಲ್ ಹೆಸರಿನ ಕೊನೆಯಲ್ಲೊಂದು ‘ಡಿ’

‘ನನ್ನ ಮಷೀನ್‌ನಲ್ಲಿ ಓಡ್ತಿದೆಯಲ್ಲ ಸಾರ್!’

ಈ ವಾರ ಫೋನಿನಲ್ಲಿ ಮೂರು ಸಲ ಬಂದ ಮಾತಿದು. ಹೇಳಿದವನು ಸ್ಟಾಕ್ ಲೆಕ್ಕಕ್ಕೆಂದೇ ಅಪ್ಲಿಕೇಶನ್ ಬರೆದುಕೊಟ್ಟ ಹುಡುಗ. ಇತ್ತ ಐಕಾನ್ ಒತ್ತಿದರೆ ಪರದೆಯ ಮೇಲೆ ಒಂದೇ ರಾಗ: ‘ವಿಸಿರನ್‌ಟೈಮ್140ಡಿ.ಡಿಎಲ್‌ಎಲ್’ ಸಿಗಲಿಲ್ಲ, ಪ್ರೋಗ್ರಾಂ ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿ. ಡಿಎಲ್‌ಎಲ್ ಅಂದರೆ ಪ್ರೋಗ್ರಾಂ ತನ್ನ ಕೆಲಸಕ್ಕೆ ಕರೆದುಕೊಳ್ಳುವ ಸಹಾಯಕ ಫೈಲು. ಎರಡು ಸಲ ಮಾಡಿದ್ದೂ ಆಯಿತು. ಇನ್‌ಸ್ಟಾಲರ್ ಒಳಗೇ ಇಲ್ಲದ ಫೈಲು ಎಲ್ಲಿಂದ ಬರಬೇಕು?

ಸಿಸ್ಟಂ ಫೈಲ್ ಕಾಣೆ ಎಂದ ಕೂಡಲೇ ಎಲ್ಲರೂ ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ ಎಂಬ ರಿಪೇರಿ ಕಮಾಂಡ್ ಹೊಡೆಯುತ್ತಾರೆ. ಅದು ರಿಪೇರಿ ಮಾಡುವುದು ವಿಂಡೋಸ್‌ನ ಸ್ವಂತ ಫೈಲುಗಳನ್ನು ಮಾತ್ರ. ವಿಸಿರನ್‌ಟೈಮ್ ಆ ಪೈಕಿಯಲ್ಲ. ವಿಷುಯಲ್ ಸಿ++ನಲ್ಲಿ ಬರೆದ ಪ್ರೋಗ್ರಾಂ ಓಡಲು ಬೇಕಾದ ಫೈಲುಗಳ ಪ್ಯಾಕೇಜ್, ಅಂದರೆ ವಿಷುಯಲ್ ಸಿ++ ರೀಡಿಸ್ಟ್ರಿಬ್ಯೂಟಬಲ್, ಹಾಕಿದರೆ ಬರುವಂಥದ್ದು. ಪ್ರೋಗ್ರಾಂ ಬರೆಯುವ ಸಾಧನವಾದ ವಿಷುಯಲ್ ಸ್ಟುಡಿಯೋದ 2015ರಿಂದ 2022ರವರೆಗಿನ ಆವೃತ್ತಿಗಳಿಗೆ ಒಂದೇ ಪ್ಯಾಕೇಜ್ ಸಾಕು. ಆದರೆ ವಿಂಡೋಸ್ 64 ಬಿಟ್ ಆಗಿದ್ದರೂ ಅಪ್ಲಿಕೇಶನ್ 32 ಬಿಟ್ ಆಗಿದ್ದರೆ ಎಕ್ಸ್86, ಅಂದರೆ 32 ಬಿಟ್ ಪ್ಯಾಕೇಜೇ ಬೇಕು. ಫೋಲ್ಡರ್ ಹೆಸರುಗಳೂ ದಾರಿ ತಪ್ಪಿಸುತ್ತವೆ: 64 ಬಿಟ್ ಫೈಲುಗಳಿರುವುದು ಸಿಸ್ಟಂ32ರಲ್ಲಿ, 32 ಬಿಟ್‌ನವು ಸಿಸ್‌ವಾವ್64ರಲ್ಲಿ. ಯಾರಿಗೆ ಹೊಳೆದೀತು!

ಅಷ್ಟರಲ್ಲಿ ಒಬ್ಬ ಬುದ್ಧಿವಂತರು ಯಾವುದೋ ಸೈಟಿನಿಂದ ಅದೇ ಹೆಸರಿನ ಡಿಎಲ್‌ಎಲ್ ಇಳಿಸಿ ಸಿಸ್ಟಂ32ಕ್ಕೆ ಹಾಕಿದ್ದರು. ಈಗ ಎರರ್ 0ಎಕ್ಸ್‌ಸಿ000007ಬಿ. 64 ಬಿಟ್ ಅಪ್ಲಿಕೇಶನ್‌ಗೆ 32 ಬಿಟ್ ಫೈಲು ಸಿಕ್ಕರೆ ಬರುವ ಗೋಳು ಇದೇ. ಅಪರಿಚಿತ ಸೈಟಿನ ಡಿಎಲ್‌ಎಲ್ ಅನ್ನು ಸಿಸ್ಟಂ ಫೋಲ್ಡರಿಗೆ ಸುರಿಯುವವರ ಧೈರ್ಯಕ್ಕೆ ಏನು ಹೇಳುವುದು.

ಆ ಫೈಲನ್ನು ಕಿತ್ತುಹಾಕಿ ಎಕ್ಸ್64 ರೀಡಿಸ್ಟ್ರಿಬ್ಯೂಟಬಲ್ ಹಾಕಿದರೂ ಮೊದಲಿನ ಮೆಸೇಜೇ ವಾಪಸ್. ಆಗ ಕಣ್ಣಿಗೆ ಬೀಳಬೇಕಾದದ್ದು 140ರ ಪಕ್ಕದ ‘ಡಿ’. ಡಿ ಅಂದರೆ ಡೀಬಗ್, ಪ್ರೋಗ್ರಾಂ ಬರೆಯುವವನು ತಪ್ಪು ಹುಡುಕಲು ಮಾಡಿಕೊಳ್ಳುವ ಬಿಲ್ಡ್. ಡೀಬಗ್ ಬಿಲ್ಡ್ ಬೇಡುವ ಡಿಎಲ್‌ಎಲ್‌ಗಳು ವಿಷುಯಲ್ ಸ್ಟುಡಿಯೋ ಜೊತೆ ಮಾತ್ರ ಬರುತ್ತವೆ, ಲೈಸೆನ್ಸ್ ಪ್ರಕಾರ ಹಂಚುವಂತೆಯೂ ಇಲ್ಲ. ‘ನನ್ನ ಮಷೀನ್‌ನಲ್ಲಿ ಓಡ್ತಿದೆಯಲ್ಲ ಸಾರ್’ — ಓಡದೆ ಏನು? ಅವನ ಮಷೀನ್‌ನಲ್ಲಿ ವಿಷುಯಲ್ ಸ್ಟುಡಿಯೋ ಇದೆಯಲ್ಲ! ಹುಡುಗ ಸುಳ್ಳು ಹೇಳಿರಲಿಲ್ಲ, ರೋಗದ ಹೆಸರನ್ನೇ ಹೇಳುತ್ತಿದ್ದ. ಬೇಕಾದ್ದೆಲ್ಲ ಇರುವ ಯಂತ್ರದಲ್ಲಿ ಏನು ಬಿಟ್ಟುಹೋಗಿದೆ ಎಂದು ಗೊತ್ತಾಗುವುದಾದರೂ ಹೇಗೆ? ಖಾಲಿ ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರಿನೊಳಗೇ ಓಡಿಸುವ ಇನ್ನೊಂದು ಕಂಪ್ಯೂಟರ್) ಒಂದು ಸಲ ತೆರೆದು ನೋಡಿದ್ದರೆ ಮೂರು ಫೋನ್ ಉಳಿಯುತ್ತಿತ್ತು.

ಬಳಕೆದಾರರಿಗೆ ಹಂಚಲೆಂದೇ ಮಾಡುವ ರಿಲೀಸ್ ಬಿಲ್ಡ್ ಮಾಡಿಸಿ, ಬೇಕಾದ ಡಿಎಲ್‌ಎಲ್‌ಗಳ ಪಟ್ಟಿ ತೋರಿಸುವ ‘ಡಂಪ್‌ಬಿನ್ /ಡಿಪೆಂಡೆಂಟ್ಸ್’ ಕಮಾಂಡ್ ಕೊಟ್ಟು ಪಟ್ಟಿಯಲ್ಲಿ ‘140ಡಿ’ಯಾಗಲಿ ಇನ್ನೊಂದು ಡೀಬಗ್ ಫೈಲಾದ ‘ಯುಸಿಆರ್‌ಟಿಬೇಸ್‌ಡಿ’ಯಾಗಲಿ ಇಲ್ಲವೆಂದು ನೋಡಿದ್ದಾಯಿತು. ರೀಡಿಸ್ಟ್ರಿಬ್ಯೂಟಬಲ್ ಅನ್ನು ‘/ಇನ್‌ಸ್ಟಾಲ್ /ಕ್ವಯಟ್ /ನೋರೀಸ್ಟಾರ್ಟ್’ ಜೊತೆ ಇನ್‌ಸ್ಟಾಲರಿಗೇ ಸೇರಿಸಿದ್ದೂ ಆಯಿತು. ಅಪ್ಲಿಕೇಶನ್ ತೆರೆಯಿತು, ಪ್ರಿಂಟ್ ಒತ್ತಿದೊಡನೆ ಮುಚ್ಚಿಕೊಂಡಿತು. ಓಡುತ್ತಿರುವಾಗ ವಿಂಡೋಸ್‌ನ ಲೋಡ್‌ಲೈಬ್ರರಿ ಎಂಬ ಫಂಕ್ಷನ್ ಮೂಲಕ ಕರೆಯುವ ಡಿಎಲ್‌ಎಲ್ ಡಂಪ್‌ಬಿನ್ ಪಟ್ಟಿಗೆ ಬರುವುದಿಲ್ಲ. ಅದಕ್ಕೆ ಪ್ರೋಗ್ರಾಂ ಯಾವ್ಯಾವ ಫೈಲು ಹುಡುಕುತ್ತಿದೆ ಎಂದು ತೋರಿಸುವ ಪ್ರೋಸೆಸ್ ಮಾನಿಟರ್‌ನಲ್ಲಿ ‘ನೇಮ್ ನಾಟ್ ಫೌಂಡ್’ ಫಿಲ್ಟರ್ ಹಾಕಬೇಕು. ನೂರಾರು ಸಾಲು ಬಂದರೆ ಗಾಬರಿ ಬೇಡ. ವಿಂಡೋಸ್ ಒಂದೊಂದೇ ಫೋಲ್ಡರ್ ತಡಕುತ್ತಾ ಹೋಗುವುದರಿಂದ ಹಾಗಾಗುತ್ತದೆ. ಕೊನೆಯ ಫೋಲ್ಡರಿನವರೆಗೂ ಎಲ್ಲೂ ಸಿಗದ ಹೆಸರು ಒಂದಿತ್ತು, ಪ್ರಿಂಟಿಂಗ್ ಲೈಬ್ರರಿಯದು. ಅದನ್ನು ಅಪ್ಲಿಕೇಶನ್ ಫೋಲ್ಡರಿನಲ್ಲೇ ಇಟ್ಟದ್ದೇ ತಡ, ಬಿಲ್ ಹೊರಬಂತು.