ರೀಬ್ರೀದರ್ ಕಟ್ಟಿಕೊಂಡು 40 ಮೀಟರ್ ಆಳಕ್ಕೆ

ಬಿಟ್ಟ ಉಸಿರನ್ನೇ ಶುದ್ಧಮಾಡಿ, ಆಮ್ಲಜನಕ ಸೇರಿಸಿ ಮತ್ತೆ ಉಸಿರಾಡಲು ಕೊಡುವ ಡೈವಿಂಗ್ ಯಂತ್ರ ರೀಬ್ರೀದರ್. ಅದನ್ನು ಕಟ್ಟಿಕೊಂಡು 40 ಮೀಟರ್ ಇಳಿಯುವ ದಿನ ಬೆಳಿಗ್ಗೆ ಹೆಚ್ಚು ಹೊತ್ತು ಹಿಡಿಯಬೇಕಾದದ್ದು ಸ್ಕ್ರಬ್ಬರ್ ಡಬ್ಬಿ. ಬಿಟ್ಟ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರುವ ಸೋಡಾ ಲೈಮ್ ಹರಳುಗಳನ್ನು ತುಂಬುವುದು ಇದರಲ್ಲೇ. ಆಮ್ಲಜನಕ ಎಷ್ಟಿದೆಯೆಂದು ಹೇಳಲು ಮೂರು ಸೆಲ್‌ಗಳಿರುತ್ತವೆ. ಇಂಗಾಲದ ಡೈಆಕ್ಸೈಡನ್ನು ಅಳೆಯುವ ವ್ಯವಸ್ಥೆ ಮಾತ್ರ ಬಹಳಷ್ಟು ಯಂತ್ರಗಳಲ್ಲಿ ಇಲ್ಲವೇ ಇಲ್ಲ. ಆ ಅಪಾಯಕ್ಕೆ ಇರುವ ಕಾವಲು ಎಂದರೆ ಡಬ್ಬಿ ತುಂಬುವ ಕೈ.

ಅರ್ಧ ಸುರಿದು ಪಕ್ಕಗಳನ್ನು ಅಂಗೈಯಿಂದ ತಟ್ಟಬೇಕು, ಹರಳು ಕೂತ ಮೇಲೆ ಮತ್ತಷ್ಟು ಸುರಿದು ಮತ್ತೆ ತಟ್ಟಬೇಕು. ಮುಚ್ಚಳ ಬಿಗಿದು ಅಲ್ಲಾಡಿಸಿದರೆ ಒಳಗಿಂದ ಸದ್ದು ಬರಬಾರದು. ಎಲ್ಲೋ ಸಡಿಲ ಉಳಿದರೆ ಉಸಿರು ಅದೇ ದಾರಿ ಹಿಡಿದು, ಹರಳಿಗೆ ಸರಿಯಾಗಿ ತಾಗದೆ ದಾಟಿಬಿಡುತ್ತದೆ. ಡಬ್ಬಿಯ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಉಂಗುರ) ಹಾಕಲು ಮರೆತರೆ ಇನ್ನೂ ಕೆಟ್ಟದ್ದು. ಹಲವು ವಿನ್ಯಾಸಗಳಲ್ಲಿ ಈ ತಪ್ಪು ಸೋರಿಕೆ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಸೋರುವುದು ಉಸಿರು ಸುತ್ತುವ ಮುಚ್ಚಿದ ಹಾದಿಯಾದ ಲೂಪಿನ ಒಳಗೊಳಗೇ ಆದ್ದರಿಂದ ಒತ್ತಡ ಇಳಿಯುವುದೇ ಇಲ್ಲ. ಓ-ರಿಂಗ್ ಇಲ್ಲದಿದ್ದರೆ ಮುಚ್ಚಲೇ ಬರದಂಥ ವಿನ್ಯಾಸ ಇದ್ದರೆ ನನ್ನ ಮತ ಅದಕ್ಕೇ.

ಡಬ್ಬಿ ಎಷ್ಟು ಹೊತ್ತು ಬಾಳುತ್ತದೆ ಎಂಬುದಕ್ಕೆ ಯುರೋಪಿನ ಇಎನ್ 14143 ಮಾನದಂಡದ ಪರೀಕ್ಷೆ ಇದೆ: 40 ಮೀಟರ್ ಆಳ, 4 ಡಿಗ್ರಿ ನೀರು, ನಿಮಿಷಕ್ಕೆ 1.6 ಲೀಟರ್ ಇಂಗಾಲದ ಡೈಆಕ್ಸೈಡ್. ಒಳಗೆಳೆಯುವ ಉಸಿರಿನಲ್ಲಿ ಅದರ ಒತ್ತಡ 5 ಮಿಲಿಬಾರ್ ಮುಟ್ಟಿದಲ್ಲಿಗೆ ಲೆಕ್ಕ ಮುಗಿಯಿತು. ಅರ್ಧ ಬಳಸಿದ ಹರಳನ್ನು ಹೊರಗೆ ಸುರಿದು ಮತ್ತೆ ತುಂಬುವುದಂತೂ ಕೂಡದು. ಸವೆದದ್ದೂ ಹೊಸದೂ ಬೆರೆತು, ಎಲ್ಲಿ ಏನಿದೆಯೆಂದು ತಿಳಿಯದಂತಾಗುತ್ತದೆ.

ಮೂಗು ಮುಚ್ಚಿ ಐದು ನಿಮಿಷ ಲೂಪಿನಲ್ಲಿ ಉಸಿರಾಡಿ ನೋಡುವ ರೂಢಿ ಒಳ್ಳೆಯದೇ. ಆಮ್ಲಜನಕ ಬಿಡುವ ವಿದ್ಯುತ್ ಕವಾಟವಾದ ಸೊಲೆನಾಯ್ಡ್ ಅದನ್ನು ಸೆಟ್‌ಪಾಯಿಂಟಿನಲ್ಲಿ, ಅಂದರೆ ನಾವು ಗೊತ್ತುಮಾಡಿದ ಒತ್ತಡದಲ್ಲಿ, ಹಿಡಿದಿಡುತ್ತಿದೆಯೇ ಎಂಬುದು ಅದರಿಂದ ಗೊತ್ತಾಗುತ್ತದೆ. ಆದರೆ ಸ್ಕ್ರಬ್ಬರ್ ಸರಿಯಿದೆಯೆಂಬ ಭರವಸೆ ಸಿಗುವುದಿಲ್ಲ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಕ್ರಬ್ಬರ್ ಭಾಗಶಃ ಕೆಟ್ಟಿದ್ದಾಗ ಬಹುಪಾಲು ಜನರಿಗೆ ಅದು ಅರಿವಿಗೇ ಬರಲಿಲ್ಲ.

ಇನ್ನು ಸೆಲ್‌ಗಳು. ಗಾಳಿಯಲ್ಲಿ 10 ಮಿಲಿವೋಲ್ಟ್ ಕೊಡುವ ಸೆಲ್ ಶುದ್ಧ ಆಮ್ಲಜನಕದಲ್ಲಿ 47-48 ಕೊಡಬೇಕು. ಹಳೆಯ ಸೆಲ್ ಇಲ್ಲಿಯವರೆಗೆ ಸರಿಯಾಗಿಯೇ ಓದುತ್ತದೆ. ಒತ್ತಡ ಏರಿದಾಗ ಅದರ ನಿಜವಾದ ಬಣ್ಣ ಬಯಲಾಗುತ್ತದೆ. ಒಂದು ಮಟ್ಟದಾಚೆ ಅದರ ಓದು ಏರುವುದೇ ಇಲ್ಲ. ಎರಡು ಸೆಲ್‌ಗಳ ಓದು 1.2 ಬಾರ್ ಆಮ್ಲಜನಕದ ಒತ್ತಡದಲ್ಲಿ ನಿಂತು ಸೆಟ್‌ಪಾಯಿಂಟ್ 1.3 ಇದ್ದರೆ, ಕಂಪ್ಯೂಟರ್ ಬಹುಮತವನ್ನು ನಂಬಿ ಸರಿಯಾದ ಮೂರನೆಯದನ್ನು ಪಕ್ಕಕ್ಕಿಡುತ್ತದೆ, ಸೊಲೆನಾಯ್ಡ್ ಆಮ್ಲಜನಕ ಸುರಿಯುತ್ತಲೇ ಇರುತ್ತದೆ. ಕೊನೆಗೆ ನೀರಿನೊಳಗೇ ಸೆಳೆತ ಬರಬಹುದು. ಒಂದೇ ದಿನ ಕೊಂಡ ಒಂದೇ ಬ್ಯಾಚಿನ ಮೂರು ಸೆಲ್‌ಗಳು ಮೂರು ಸಾಕ್ಷಿಗಳಲ್ಲ, ಒಟ್ಟಿಗೇ ಮುದಿಯಾಗುತ್ತವೆ. ಬೇರೆ ಬೇರೆ ತಿಂಗಳಲ್ಲಿ ಬದಲಿಸಬೇಕು. ಇಳಿಯುವಾಗ 6 ಮೀಟರಿನಲ್ಲಿ ನಿಂತು ಲೂಪನ್ನು ಆಮ್ಲಜನಕದಿಂದ ತೊಳೆದರೆ ಓದು 1.6ರ ಹತ್ತಿರ ಬರಬೇಕು. ಒಂದು ಸೆಲ್ ಹಿಂದುಳಿದರೂ ಅಂದಿನ ಡೈವ್ ಅಲ್ಲಿಗೇ ಮುಗಿಯಿತು.

ಇಳಿಯುವಷ್ಟು ಹೊತ್ತು ಸೆಟ್‌ಪಾಯಿಂಟ್ 0.7, ತಳ ಸಮೀಪಿಸಿದಾಗ 1.3. ಮೊದಲೇ ಏರಿಸಿಟ್ಟರೆ ಇಳಿತದ ಒತ್ತಡವೂ ಸೇರಿ ಆಮ್ಲಜನಕ ಮಿತಿ ಮೀರುತ್ತದೆ. ಉಸಿರಾಡುವ ಹೊತ್ತಿನ ಮಿತಿ 1.3ರಲ್ಲಿ 180 ನಿಮಿಷ, 1.6ರಲ್ಲಿ ಬರೀ 45 ನಿಮಿಷ ಎನ್ನುತ್ತಿತ್ತು ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆ ನೋವಾದ ಬಹುಕಾಲ ಬಳಕೆಯಲ್ಲಿದ್ದ ಕೋಷ್ಟಕ.

ಲೂಪಿನ ಆಮ್ಲಜನಕವನ್ನು ತೆಳುಗೊಳಿಸುವ ಡೈಲ್ಯೂಯೆಂಟ್ ಅನಿಲವಾಗಿ 40 ಮೀಟರಿಗೆ ಬರೀ ಗಾಳಿ ಬೇಡ. ಅಲ್ಲಿ ಅದರ ಸಾಂದ್ರತೆ ಲೀಟರಿಗೆ 6.2 ಗ್ರಾಂ ದಾಟುತ್ತದೆ, 5.2ರ ಒಳಗಿರಲಿ ಎಂಬುದು ಈಗಿನ ಶಿಫಾರಸು. ದಟ್ಟ ಅನಿಲವನ್ನು ಎಳೆದು ಬಿಡಲು ಶ್ವಾಸಕೋಶ ಸೋತರೆ, ಸ್ಕ್ರಬ್ಬರ್ ಎಷ್ಟೇ ಚೆನ್ನಾಗಿದ್ದರೂ ಇಂಗಾಲದ ಡೈಆಕ್ಸೈಡ್ ಮೈಯಲ್ಲೇ ಉಳಿಯುತ್ತದೆ. ಶೇ. 18 ಆಮ್ಲಜನಕ, ಶೇ. 45 ಹೀಲಿಯಂ ಇರುವ ಮಿಶ್ರಣ ಅದೇ ಆಳದಲ್ಲಿ 4 ಗ್ರಾಂ ಆಸುಪಾಸಿನಲ್ಲಿರುತ್ತದೆ. ಅದರಿಂದ ಲೂಪ್ ತೊಳೆದಾಗ ಸೆಲ್‌ಗಳು 0.9 ತೋರಿಸಬೇಕು; ತಳದಲ್ಲಿ ಸಂಶಯ ಬಂದರೆ ಮೊದಲು ಮಾಡುವ ಪರೀಕ್ಷೆ ಇದು.

ಇಂಗಾಲದ ಡೈಆಕ್ಸೈಡ್ ಏರಿದವನು ನಿಮಿಷಕ್ಕೆ 40 ಲೀಟರ್ ಸೇದಬಹುದು, 5 ಬಾರ್ ಒತ್ತಡದಲ್ಲಿ ಅದು 200 ಲೀಟರ್. 200 ಬಾರ್ ತುಂಬಿದ 11 ಲೀಟರಿನ ಬೇಲ್‌ಔಟ್ (ಯಂತ್ರ ಕೈಕೊಟ್ಟಾಗ ಬಳಸುವ) ಸಿಲಿಂಡರ್ ಹನ್ನೊಂದು ನಿಮಿಷಕ್ಕೆ ಬರಿದು. ಮೇಲಾಗಿ ಅಂಥ ಏದುಸಿರಿನಲ್ಲಿ ಬಾಯಿಂದ ಮೌತ್‌ಪೀಸ್ ತೆಗೆದು ಇನ್ನೊಂದನ್ನು ಕಚ್ಚುವುದೇ ಕಷ್ಟ. ಅದಕ್ಕೇ ಒಂದೇ ತಿರುವಿಗೆ ಬೇಲ್‌ಔಟಿಗೆ ಬದಲಾಗುವ ವಾಲ್ವ್ ಇರಲೇಬೇಕು ಎನ್ನುತ್ತೇನೆ. ಮೌತ್‌ಪೀಸನ್ನು ತಲೆಗೆ ಬಿಗಿಯುವ ಪಟ್ಟಿಯೂ ಅಷ್ಟೇ ಮುಖ್ಯ. 1979ರಿಂದ 2009ರವರೆಗೆ ಆ ಪಟ್ಟಿ ಬಳಸುವ ಫ್ರೆಂಚ್ ಸೇನಾ ಡೈವರ್‌ಗಳಲ್ಲಿ ಪ್ರಜ್ಞೆ ತಪ್ಪಿದ 54 ಪ್ರಸಂಗಗಳು ದಾಖಲಾದವು, ಜೀವ ಹೋದದ್ದು 3 ಮಂದಿಯದು.

ಮೇಲೇರುವಾಗ ಅಪಾಯ ತಿರುಗುಮುರುಗು. 10 ಮೀಟರಿನಲ್ಲಿ 0.3 ಇದ್ದ ಆಮ್ಲಜನಕ, ಸೊಲೆನಾಯ್ಡ್ ಸುಮ್ಮನಿದ್ದರೆ, ನೀರಿನ ಮೇಲ್ಮೈಯಲ್ಲಿ 0.15 ಆಗುತ್ತದೆ. ಡೈಆಕ್ಸೈಡ್ ಹೀರಲ್ಪಡುತ್ತಿರುವುದರಿಂದ ಉಸಿರು ಕಟ್ಟಿದ ಅನುಭವವೂ ಆಗದೆ ನೇರವಾಗಿ ಪ್ರಜ್ಞೆ ತಪ್ಪುತ್ತದೆ. ಕೊನೆಯ 6 ಮೀಟರನ್ನು ನಿಧಾನಕ್ಕೆ ಏರಬೇಕು, ಕಣ್ಣು ಡಿಸ್‌ಪ್ಲೇ ಮೇಲೆ, ಹೆಬ್ಬೆರಳು ಆಮ್ಲಜನಕದ ಗುಂಡಿಯ ಮೇಲೆ. ದೋಣಿಗೆ ಹತ್ತಿ ಕೂರುವವರೆಗೂ ಆಮ್ಲಜನಕದ ಸಿಲಿಂಡರ್ ಮುಚ್ಚಬಾರದು.