ಹಗ್ಗದ ತುಂಗಭದ್ರೆ

ಹೊಸ ತಂಡಕ್ಕೆ ಐಸ್‌ಬ್ರೇಕರ್ (ಸಂಕೋಚ ಬಿಡಿಸಿ ಪರಿಚಯ ಮಾಡಿಸುವ ಆಟ) ಅಂದರೆ ಇಂಟರ್‌ನೆಟ್‌ನಲ್ಲಿ ಸಿಕ್ಕಿದ್ದನ್ನೇ ಆಡಿಸುವವರು ಜಾಸ್ತಿ. ಹುಟ್ಟಿದ ತಾರೀಖಿನ ಪ್ರಕಾರ, ಮಾತಾಡದೆ ಸಾಲಾಗಿ ನಿಲ್ಲುವ ಆಟವನ್ನೇ ನೋಡಿ. ನಮ್ಮ ಕಡೆ ವಯಸ್ಸಾದವರಲ್ಲಿ ಎಷ್ಟೋ ಜನರಿಗೆ ಶಾಲೆಯಲ್ಲಿ ಮಾಸ್ತರು ಬರೆದದ್ದು ಜೂನ್ 1. ಸಾಲು ಅಲ್ಲೇ ಗುಂಪಾಗುತ್ತದೆ. ಕೈಕೈ ಹೆಣೆದು ಬಿಡಿಸಿಕೊಳ್ಳುವ ಆಟ ಇನ್ನೊಂದು ಪೇಚು; ಹೆಣ್ಣುಮಕ್ಕಳು ಮೊದಲೇ ಗೋಡೆಗೆ ಸರಿದಿರುತ್ತಾರೆ.

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಾಗಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗುತ್ತಿಗೆ ತಂಡದಲ್ಲಾಗಲಿ ಕನ್ನಡ, ತೆಲುಗು, ಉರ್ದು, ಹಿಂದಿ ಕೂಡಿಯೇ ಇರುತ್ತವೆ. ಹಾಗಾಗಿ ಬಾಯಿಗಿಂತ ಮೊದಲು ಕಾಲಿಗೆ ಕೆಲಸ ಕೊಡಬೇಕು.

ನೆಲದ ಮೇಲೆ ಹೊಳೆಯ ನಕ್ಷೆ ಹಾಸಿ ಆಡುವ ಈ ಆಟಕ್ಕೆ ಬೇಕಾದದ್ದು: 12ರಿಂದ 16 ಜನ, 20 ಅಡಿ ಹಗ್ಗ, ಒಂದು ಸ್ಟೀಲ್ ತಟ್ಟೆ, ಸೀಮೆಸುಣ್ಣ. ಹಗ್ಗವನ್ನು ನೈಋತ್ಯದಿಂದ ಈಶಾನ್ಯಕ್ಕೆ ಸ್ವಲ್ಪ ಡೊಂಕಾಗಿ ಹಾಸಿ: ಇದು ತುಂಗಭದ್ರೆ. ನೈಋತ್ಯ ತುದಿಯ ತಟ್ಟೆ ಡ್ಯಾಮು. ಹಗ್ಗದಿಂದ ಉತ್ತರಕ್ಕೆ ದೂರದಲ್ಲಿ ಎಳೆದ ಸುಣ್ಣದ ಗೆರೆ ಕೃಷ್ಣೆ. ಕೊಪ್ಪಳ, ಸಿಂಧನೂರು ಹಗ್ಗದ ಉತ್ತರಕ್ಕೆ, ಬಳ್ಳಾರಿ, ಸಂಡೂರು ದಕ್ಷಿಣಕ್ಕೆ, ಸಿರುಗುಪ್ಪದವರು ಹಗ್ಗದ ಪಕ್ಕದಲ್ಲೇ, ಶಕ್ತಿನಗರದವರು ಸುಣ್ಣದ ಗೆರೆಗೆ ಅಂಟಿಕೊಂಡು. ಐದು ನಿಮಿಷದಲ್ಲಿ ಎಲ್ಲರೂ ತಮ್ಮೂರಲ್ಲಿ ನಿಲ್ಲಬೇಕು. ಅಳತೆ ತಪ್ಪಲಿ, ಪರವಾಗಿಲ್ಲ. 'ಏ, ನಿಮ್ಮೂರು ಇನ್ನೂ ಆ ಕಡೆಗೈತಿ' ಅಂತ ಜಗಳ ಶುರುವಾದರೆ ಅರ್ಧ ಕೆಲಸ ಆದಂತೆಯೇ.

ಆಮೇಲೆ ಹತ್ತಿರ ನಿಂತವರ ಜೋಡಿ, ಮೂರು ನಿಮಿಷ, ಒಂದೇ ಪ್ರಶ್ನೆ: ನಿಮ್ಮೂರಲ್ಲಿ ಒಗ್ಗರಣಿ-ಮಿರ್ಚಿ (ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ) ಎಲ್ಲಿ ಚೆನ್ನಾಗಿರುತ್ತದೆ? ನಂತರ ದೂರ ನಿಂತವರ ಜೋಡಿ. ಇದನ್ನು ಹಿಂದುಮುಂದು ಮಾಡಬೇಡಿ. ಪಕ್ಕದೂರಿನವರ ಜೊತೆ ನಾಲಿಗೆ ಸಡಿಲಾದ ಮೇಲೆಯೇ ಅಪರಿಚಿತರ ಹತ್ತಿರ ಮಾತು ಹೊರಡುವುದು. ಊರು ಕೇಳಿ, ಓಣಿ ಕೇಳಬೇಡಿ. ಓಣಿ ಕೇಳಿದರೆ ಜಾತಿ ಕೇಳಿದಂತೆ, ಅದು ಎಲ್ಲರಿಗೂ ಗೊತ್ತು.

ಆಟ ಕೆಡುವುದು ಮುಖ್ಯವಾಗಿ ಎರಡು ಕಡೆ. ಸಾಹೇಬರು ಮೊದಲೇ ಹೋಗಿ ನಿಂತರೆ ಉಳಿದವರು ಊರು ಮರೆತು ಅವರ ಮುಖ ನೋಡುತ್ತಾರೆ. ಅವರನ್ನು ಕೊನೆಗೆ ಕರೆಯಿರಿ. ಇನ್ನು ಬಿಹಾರ, ಒಡಿಶಾದಿಂದ ಬಂದವರು ನಕ್ಷೆಯಾಚೆ ಮೂಲೆ ಸೇರುತ್ತಾರೆ. ಅವರ ಕೈಗೆ ಆರಡಿಯ ಬೇರೆ ಹಗ್ಗ ಕೊಟ್ಟು, ತಮ್ಮೂರ ಹೊಳೆಯನ್ನು ಅವರೇ ಹಾಸುವಂತೆ ಮೊದಲೇ ಹೇಳಿ. ಕಾಲುವೆ ಕೊನೆ ಭಾಗಕ್ಕೆ ನೀರು ಬರಲಿಲ್ಲ ಅನ್ನುವ ಮಾತು ಎದ್ದರೆ ತಡೆಯಬೇಡಿ, ಆದರೆ ಜೋಡಿ ಬದಲಿಸಿಬಿಡಿ.

ಶಿಫ್ಟ್ ಮುಗಿಯುವ ಹೊತ್ತಿಗೆ ಇಟ್ಟುಕೊಂಡರೆ ಕಣ್ಣೆಲ್ಲ ಬಸ್ಸಿನ ಮೇಲೆ. ಬೇಸಿಗೆಯಲ್ಲಂತೂ ಬೆಳಿಗ್ಗೆ ಹತ್ತರೊಳಗೇ ಮುಗಿಸಿ. ನೈಲಾನ್ ಹಗ್ಗ ಬೇಡ, ಸುರುಳಿ ಬಿಡದೆ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ನೂಲಿನದು ನೆಲಕ್ಕೆ ಕೂರುತ್ತದೆ.