ಸ್ಟುಡಿಯೋ ತನ್ನದೇ ಆ್ಯಪ್ ತಂದರೆ: ವರ್ಷದ ದುಡ್ಡು ಕಟ್ಟುವ ಮೊದಲು

"ಮೊನ್ನಿ ತನಕಾ ಇಲ್ಲೇ ಇತ್ತಲ್ರೀ, ಈಗೆಲ್ಲಿ ಹೋತು?"

ಹುಬ್ಬಳ್ಳಿಯ ಮನೆಗಳಲ್ಲಿ ರಿಮೋಟ್ ಹಿಡಿದು ಕೂತವರು ಕೇಳುವ ಮಾತು ಇದು. ಆ್ಯಪ್ ಕೆಟ್ಟಿರುವುದಿಲ್ಲ, ಸಿನಿಮಾದ ಕರಾರು ಮುಗಿದಿರುತ್ತದೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಾವಣಿ ಹಾಕಿಕೊಂಡ ಹೊಲದಲ್ಲಿ ಬೆಳೆ ಎಷ್ಟೇ ಚೆನ್ನಾಗಿ ಬಂದಿರಲಿ, ಅವಧಿ ಮುಗಿದ ಮೇಲೆ "ಇನ್ನು ನಾನೇ ಮಾಡತೇನಿ" ಎಂದು ಮಾಲೀಕ ಅಂದರೆ ಬಿಡಲೇಬೇಕು. ಸಿನಿಮಾ ತೆಗೆಯುವ ಸ್ಟುಡಿಯೋ ಅಂದರೆ ಹೊಲದ ಮಾಲೀಕ, ಅದನ್ನು ತೋರಿಸುವ ಆ್ಯಪ್ ಲಾವಣಿ ಹಾಕಿಕೊಂಡವನು.

ಡಿಸ್ನಿ ಮಾಡಿದ್ದು ಇದನ್ನೇ. ನೆಟ್‌ಫ್ಲಿಕ್ಸ್‌ಗೆ ಸಿನಿಮಾ ಕೊಡುವುದನ್ನು ನಿಲ್ಲಿಸಿ ಸ್ವಂತ ಸೇವೆ ತರುತ್ತೇವೆ ಎಂದು ಅದು ಹೇಳಿದ್ದು 2017ರ ಆಗಸ್ಟ್‌ನಲ್ಲಿ. ಡಿಸ್ನಿ ಪ್ಲಸ್ ಶುರುವಾದದ್ದು 2019ರ ನವೆಂಬರ್ 12ಕ್ಕೆ. ನಡುವಿನ ಎರಡು ವರ್ಷ ಯಾಕೆ ಬೇಕಾಯಿತೆಂದರೆ, ಹಳೆಯ ಕರಾರುಗಳನ್ನು ನಡುವೆ ಮುರಿಯಲು ಬರುವುದಿಲ್ಲ. ಇನ್ನೊಂದು, ಸಿನಿಮಾ ತೆಗೆಯುವವರಿಗೆ ಲಕ್ಷಾಂತರ ಮನೆಗೆ ಒಂದೇ ಹೊತ್ತಿಗೆ ವಿಡಿಯೊ ಮುಟ್ಟಿಸುವ ಕೆಲಸ ಬೇರೆಯದೇ ವಿದ್ಯೆ. ಅದಕ್ಕಾಗಿ ಅಮೆರಿಕದ ಬೇಸ್‌ಬಾಲ್ ಲೀಗ್‌ನ ಸ್ಟ್ರೀಮಿಂಗ್ ವಿಭಾಗದಿಂದ ಹುಟ್ಟಿದ ಬ್ಯಾಮ್‌ಟೆಕ್ ಕಂಪನಿಯಲ್ಲಿದ್ದ ತಮ್ಮ ಪಾಲನ್ನು 158 ಕೋಟಿ ಡಾಲರ್ ಕೊಟ್ಟು ಶೇ 75ಕ್ಕೆ ಏರಿಸಿಕೊಂಡರು. ಇಷ್ಟಾದರೂ ಮೊದಲ ದಿನ ಎಷ್ಟೋ ಜನರಿಗೆ ಆ್ಯಪ್ ತೆರೆಯಲಿಲ್ಲ. ಹೊಸ ಸೇವೆಗಳು ಸಾಮಾನ್ಯವಾಗಿ ಎಡವುವುದು ವಿಡಿಯೊದಲ್ಲಿ ಅಲ್ಲ, ಬಾಗಿಲಲ್ಲಿ: ಲಾಗಿನ್, ಪಾವತಿ, ಯಾರಿಗೆ ಯಾವ ಪ್ಲಾನ್ ಎಂದು ಪರೀಕ್ಷಿಸುವ ಸರ್ವರ್. ಹೊಸ ಆ್ಯಪ್ ಬಂದ ದಿನವೇ ದುಡ್ಡು ಕಟ್ಟಲು ಮುಗಿಬೀಳಬೇಡಿ. ಒಂದು ವಾರ ತಡೆದರೆ ಏನೂ ಕಳೆದುಹೋಗುವುದಿಲ್ಲ.

ನಮ್ಮಲ್ಲಿ ಎಚ್‌ಬಿಒ ಎಂಬ ಅಮೆರಿಕದ ಚಾನೆಲ್‌ನ ಸರಣಿಗಳ ಓಡಾಟ ನೋಡಿ. 2023ರ ಮಾರ್ಚ್ 31ರ ನಂತರ ಹಾಟ್‌ಸ್ಟಾರ್‌ನಲ್ಲಿ ಅವು ಉಳಿಯಲಿಲ್ಲ. ಮುಂದೆ ಜಿಯೊಸಿನಿಮಾಕ್ಕೆ ಹೋದವು. 2025ರ ಫೆಬ್ರುವರಿ 14ಕ್ಕೆ ಆ ಎರಡೂ ಆ್ಯಪ್ ಕೂಡಿ ಜಿಯೊಹಾಟ್‌ಸ್ಟಾರ್ ಆಯಿತು. ಆ ಸರಣಿಗಳಿಗೆಂದೇ ವರ್ಷದ ಪ್ಲಾನ್ ಹಾಕಿಸಿಕೊಂಡವರಿಗೆ ನಡುವಿನಲ್ಲೇ ಕೈ ಖಾಲಿ. ಆದ್ದರಿಂದ ಒಂದೇ ಸ್ಟುಡಿಯೋದ ಮಾಲಿಗಾಗಿ ವರ್ಷದ ಪ್ಲಾನ್ ಬೇಡ, ತಿಂಗಳದ್ದು ಸಾಕು. ಡೌನ್‌ಲೋಡ್ ಮಾಡಿಟ್ಟುಕೊಂಡರೂ ಉಪಯೋಗವಿಲ್ಲ. ಆ ಫೈಲಿಗೆ ಬೀಗ ಇರುತ್ತದೆ, ಕರಾರು ಮುಗಿದ ಮೇಲೆ ಕೀಲಿ ಸಿಗುವುದಿಲ್ಲ.

ದುಬಾರಿ ಪ್ಲಾನ್ ತೆಗೆದುಕೊಳ್ಳುವ ಮೊದಲು ಟಿವಿ, ಫೋನ್ ಪರೀಕ್ಷಿಸಿ. ವಿಡಿಯೊ ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಬರುತ್ತದೆ, ಪ್ರತಿ ತುಣುಕೂ ಹಲವು ಗುಣಮಟ್ಟದಲ್ಲಿ ತಯಾರಿರುತ್ತದೆ. ನೆಟ್ ವೇಗ ನೋಡಿಕೊಂಡು ಆ್ಯಪ್ ಒಂದನ್ನು ಆರಿಸುತ್ತದೆ. ಶುರುವಿಗೆ ಮಸುಕಾಗಿದ್ದು ಐದಾರು ಸೆಕೆಂಡಿಗೆ ತಿಳಿಯಾದರೆ ಅದು ಸಹಜ. ವೇಗ ಚೆನ್ನಾಗಿದ್ದೂ ಕಡೇತನಕ ಮಸುಕೇ ಇದ್ದರೆ ದೋಷ ಬಹುತೇಕ ಸಾಧನದ್ದು. ಆಂಡ್ರಾಯ್ಡ್‌ನಲ್ಲಿ ವಿಡಿಯೊ ಕಳವಾಗದಂತೆ ಕಾಯುವ ವೈಡ್‌ವೈನ್ ಎಂಬ ಬೀಗದ ವ್ಯವಸ್ಥೆ ಇದೆ, ಅದರಲ್ಲಿ ಎಲ್1 ಗಟ್ಟಿ ಬೀಗ, ಎಲ್3 ಸಡಿಲ ಬೀಗ. ಎಲ್1 ಇದ್ದರೆ ಎಚ್‌ಡಿ ಸಿಗುತ್ತದೆ. ಎಲ್3 ಇದ್ದರೆ ದೊಡ್ಡ ಸೇವೆಗಳು ಸಾಮಾನ್ಯವಾಗಿ ಎಚ್‌ಡಿಗಿಂತ ಕೆಳಗಿನ 480ಪಿ ಗುಣಮಟ್ಟಕ್ಕೇ ನಿಲ್ಲಿಸುತ್ತವೆ, ನೀವು 4ಕೆ ದುಡ್ಡು ಕಟ್ಟಿದ್ದರೂ ಅಷ್ಟೇ. ಪ್ಲೇ ಸ್ಟೋರ್‌ನಲ್ಲಿ ಡಿಆರ್‌ಎಂ ಇನ್ಫೊ ಎಂಬ ಆ್ಯಪ್ ಹಾಕಿ 'ಸೆಕ್ಯೂರಿಟಿ ಲೆವೆಲ್' ಸಾಲು ನೋಡಿದರೆ ತಿಳಿಯುತ್ತದೆ. ಅಗ್ಗದ, ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸ್ ಕೊಳ್ಳುವವರು ಇದನ್ನು ಅಂಗಡಿಯಲ್ಲೇ ನೋಡಲೇಬೇಕು.

ವೇಗದ ಲೆಕ್ಕ: ಎಚ್‌ಡಿಗೆ 5 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್), 4ಕೆಗೆ 15 ಎಂಬಿಪಿಎಸ್ ಬೇಕೆಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಎಚ್‌ಡಿ ಗಂಟೆಗೆ 3 ಜಿಬಿ ತನಕ ತಿನ್ನುತ್ತದೆ. ದಿನಕ್ಕೆ 1.5 ಜಿಬಿ ಇರುವ ಮೊಬೈಲ್ ಪ್ಯಾಕ್ ಅರ್ಧ ತಾಸಿಗೆ ಖಲಾಸ್.

ಗದಗ, ಧಾರವಾಡದ ಹಳೆಯ ಮಾಳಿಗೆ ಮನೆಗಳದ್ದು ಬೇರೆಯೇ ತೊಂದರೆ. ರೌಟರ್ ಪಡಸಾಲೆಯಲ್ಲಿ, ಟಿವಿ ಒಳಗಿನ ಕೋಣೆಯಲ್ಲಿ, ನಡುವೆ ದಪ್ಪನೆಯ ಕಲ್ಲುಮಣ್ಣಿನ ಗೋಡೆ. 5 ಗಿಗಾಹರ್ಟ್ಸ್ ವೈಫೈ ಅದನ್ನು ದಾಟಲು ಏದುಸಿರು ಬಿಡುತ್ತದೆ. 2.4 ಗಿಗಾಹರ್ಟ್ಸ್‌ನದು ದಾಟುತ್ತದೆ, ಆದರೆ ಓಣಿಯ ಎಲ್ಲರ ರೌಟರ್ ಅಲ್ಲೇ ಕಿಕ್ಕಿರಿದಿರುತ್ತವೆ. ರೌಟರ್‌ನ ಸೆಟಿಂಗ್‌ನಲ್ಲಿ ವೈಫೈ ಚಾನೆಲ್ 1, 6, 11ರಲ್ಲಿ ಯಾವುದು ಖಾಲಿಯೋ ಅದಕ್ಕೆ ಹಾಕಿ. ಅದಕ್ಕಿಂತ ಒಳ್ಳೆಯದು, ಬಾಗಿಲ ಚೌಕಟ್ಟಿನ ಗುಂಟ ರೌಟರ್‌ನಿಂದ ಕ್ಯಾಟ್-6 ಎಂಬ ನೆಟ್ ಕೇಬಲ್ ಎಳೆದು ಟಿವಿಗೆ ಸಿಕ್ಕಿಸುವುದು. ಹಲವು ಟಿವಿಗಳಲ್ಲಿ ಆ ಕೇಬಲ್ ಸಿಕ್ಕಿಸುವ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದು, 4ಕೆಗೆ ಧಾರಾಳವಾಯಿತು.

ಕೊನೆಗೆ ಆಟೊಪೇ, ಅಂದರೆ ಖಾತೆಯಿಂದ ತಾನಾಗಿಯೇ ದುಡ್ಡು ಕಡಿತವಾಗುವ ವ್ಯವಸ್ಥೆ. ಆ್ಯಪ್ ಅಳಿಸಿದರೆ ದುಡ್ಡು ಹೋಗುವುದು ನಿಲ್ಲುವುದಿಲ್ಲ. ಮೊದಲು ಸೇವೆಯ ಖಾತೆಯಲ್ಲಿ ಸದಸ್ಯತ್ವ ರದ್ದು ಮಾಡಿ, ಆಮೇಲೆ ಯುಪಿಐ ಆ್ಯಪ್‌ನ ಆಟೊಪೇ ಪಟ್ಟಿಯಲ್ಲಿ ಆ ಮ್ಯಾಂಡೇಟ್ (ನೀವು ಕೊಟ್ಟ ಕಡಿತದ ಅನುಮತಿ) ತೆಗೆಯಿರಿ. ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ, ಆ ಮೆಸೇಜನ್ನು ಓದದೆ ಸರಿಸಬೇಡಿ. ದುಡ್ಡು ಕಟ್ಟಿದ ಮರುದಿನವೇ ರದ್ದು ಮಾಡಿದರೂ ಸಾಮಾನ್ಯವಾಗಿ ಆ ತಿಂಗಳು ಪೂರ್ತಿ ನೋಡಬಹುದು. ಪುಕ್ಕಟೆ ಟ್ರಯಲ್ ಆಗಿದ್ದರೆ ಮಾತ್ರ ಕೆಲವು ಕಡೆ ಅದೇ ಕ್ಷಣ ಬಂದ್ ಆಗುತ್ತದೆ.